ಒಂದು ಕುಣಿಕೆಯ ಲೆಕ್ಕ

ಮಗ್ಗದ ಮೇಲೆ ನೇಯ್ದ ಬಟ್ಟೆಯನ್ನು ದರ್ಜಿಯು ಅಳತೆಗೆ ತಕ್ಕಂತೆ ಕತ್ತರಿಸಿ, ತುಂಡುಗಳನ್ನು ಕೂಡಿಸಿ ಹೊಲಿದು ಅಂಗಿಯನ್ನು ಸಿದ್ಧಪಡಿಸುತ್ತಾನೆ. ಉಣ್ಣೆಯ ಸ್ವೆಟರನ್ನು ಹೆಣೆಯುವವರಿಗೆ ಕತ್ತರಿಯ ಕೆಲಸ ಅಷ್ಟಾಗಿ ಇರುವುದಿಲ್ಲ. ಮಣಿಕಟ್ಟಿನ ಬಳಿ ಕಿರಿದಾಗಿ ಆರಂಭವಾದ ತೋಳು ಭುಜದ ಕಡೆಗೆ ಸಾಗಿದಂತೆ ಹೆಣಿಗೆಯಲ್ಲಿಯೇ ಅಗಲವಾಗುತ್ತದೆ. ಬಟ್ಟೆಯೂ ಅದರ ಆಕಾರವೂ ಒಟ್ಟಿಗೆ ಹುಟ್ಟುತ್ತವೆ. ಇದು ಸಾಧ್ಯವಾಗುವುದು ಕುಣಿಕೆಗಳನ್ನು ಹೆಚ್ಚಿಸುವ ಸರಳವಾದ ಉಪಾಯದಿಂದ.

ಹೆಣಿಗೆಯೆಂದರೆ ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುವುದು. ಎಡಗೈಯ ಕಡ್ಡಿಯಲ್ಲಿ ಹಿಂದಿನ ಸಾಲಿನ ಕುಣಿಕೆಗಳಿರುತ್ತವೆ. ಬಲಗೈಯ ಕಡ್ಡಿಯು ಒಂದೊಂದನ್ನೇ ಹೊಕ್ಕು ಹೊಸ ನೂಲನ್ನು ಸೆಳೆದುಕೊಂಡಂತೆ ಹಳೆಯದು ಎಡಗಡ್ಡಿಯಿಂದ ಜಾರುತ್ತದೆ. ಹೀಗೆ ಒಂದಕ್ಕೆ ಒಂದರಂತೆ ಹೆಣೆದರೆ 40 ಕುಣಿಕೆಗಳ ಮೇಲೆ 40 ಕುಣಿಕೆಗಳೇ ಬರುತ್ತವೆ. ಅವು 41 ಆಗಬೇಕಾದರೆ, ಎರಡು ಕುಣಿಕೆಗಳ ನಡುವೆ ನೂಲನ್ನು ಮುಂದಕ್ಕೆ ತಂದು, ಬಲಗಡ್ಡಿಯ ಮೇಲೆ ಒಮ್ಮೆ ಹಾಯಿಸಿ, ಮುಂದಿನ ಕುಣಿಕೆಯನ್ನು ಎಂದಿನಂತೆ ಹೆಣೆದರೆ ಸಾಕು. ಕಡ್ಡಿಯ ಮೇಲೆ ಹಾಯ್ದ ನೂಲೇ ಮರುಸಾಲಿನಲ್ಲಿ ಕುಣಿಕೆಯಾಗುತ್ತದೆ.

ಆದರೆ ಆ ಹೊಸ ಕುಣಿಕೆಯ ಕೆಳಗೆ ಆಧಾರವಾಗಿ ಹಳೆಯ ಕುಣಿಕೆ ಇಲ್ಲವಷ್ಟೆ. ಆದುದರಿಂದ ಅಲ್ಲೊಂದು ರಂಧ್ರ ಉಳಿಯುತ್ತದೆ. ಅದು ಬೇಡವೆಂದರೆ ಮರುಸಾಲಿನಲ್ಲಿ ಆ ನೂಲಿನ ಹಿಂಬದಿಯ ಎಳೆಗೆ ಕಡ್ಡಿಯನ್ನು ತೂರಿಸಿ ಹೆಣೆಯಬೇಕು. ಕುಣಿಕೆಯು ತಿರುಚಿಕೊಂಡು ರಂಧ್ರ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಬೇಕೆಂದರೆ ಅದೇ ಅಲಂಕಾರ! ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳ ಹೆಂಗಸರು ಹತ್ತೊಂಬತ್ತನೆಯ ಶತಮಾನದಲ್ಲಿ ಇಂತಹ ರಂಧ್ರಗಳಿಂದಲೇ ಜಾಲರಿಯಂತಹ ಶಾಲುಗಳನ್ನು ಹೆಣೆದು ಹೆಸರಾದರು. ಒಂದೆಡೆ ಹೆಚ್ಚಿಸಿದ ಕುಣಿಕೆಗೆ ಪ್ರತಿಯಾಗಿ ಮತ್ತೊಂದೆಡೆ ಎರಡನ್ನು ಕೂಡಿಸಿ ಹೆಣೆದು ಅಗಲವನ್ನು ಕಾಯ್ದುಕೊಂಡರು. ಅವುಗಳಲ್ಲಿ ಅತಿ ನಯವಾದ ಶಾಲು ಮದುವೆಯ ಉಂಗುರದೊಳಗೆ ಹಾದುಹೋಗುವಷ್ಟು ತೆಳುವಾಗಿರುತ್ತಿತ್ತು.

ಕುಣಿಕೆಯನ್ನು ಹೆಚ್ಚಿಸುವುದು ಒಂದು ಗಳಿಗೆಯಲ್ಲಿ ಬರುವ ವಿದ್ಯೆ. ಎಲ್ಲಿ, ಎಷ್ಟು ಹೆಚ್ಚಿಸಬೇಕೆಂಬುದೇ ಕಠಿನ. ನಡುವಿನಿಂದ ಹೊರಕ್ಕೆ ದುಂಡಗಿನ ಶಾಲೊಂದನ್ನು ಹೆಣೆಯುವಾಗ ಇದು ಚೆನ್ನಾಗಿ ತಿಳಿಯುತ್ತದೆ. ಕುಣಿಕೆಗಳು ಕಡಮೆಯಾದರೆ ಹೆಣಿಗೆ ಬಟ್ಟಲಿನಂತೆ ಗುಳಿಬೀಳುತ್ತದೆ. ಹೆಚ್ಚಾದರೆ ಅಂಚು ನೆರಿಗೆಗಟ್ಟುತ್ತದೆ. ತಪ್ಪು ಕಣ್ಣಿಗೆ ಬೀಳುವ ವೇಳೆಗೆ ನೂರಾರು ಕುಣಿಕೆಗಳ ಕೆಲಸ ಮುಗಿದಿರುತ್ತದೆ. ಅದೆಲ್ಲವನ್ನೂ ಬಿಚ್ಚದೆ ಗತಿಯಿಲ್ಲ.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಎಂಬ ಹೆಣಿಗೆಗಾರ್ತಿ ಇದಕ್ಕೆ ರೇಖಾಗಣಿತದಲ್ಲಿ ಉತ್ತರವನ್ನು ಕಂಡುಕೊಂಡರು. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಪರಿಧಿಯೂ ಇಮ್ಮಡಿಯಾಗುತ್ತದೆಂಬುದು ವಿದ್ಯಾರ್ಥಿಗಳೆಲ್ಲ ಬಲ್ಲ ಮಾತು. ಹಾಗಿದ್ದಲ್ಲಿ ಸುತ್ತುಸುತ್ತಿಗೂ ಲೆಕ್ಕವಿಡುವುದೇಕೆ? ಶಾಲಿನ ತ್ರಿಜ್ಯ ಇಮ್ಮಡಿಯಾದಾಗಲೆಲ್ಲ ಕುಣಿಕೆಗಳನ್ನೂ ಒಂದೇ ಸುತ್ತಿನಲ್ಲಿ ಇಮ್ಮಡಿಗೊಳಿಸಿದರಾಯಿತು. 1974ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಈ ಕ್ರಮವನ್ನು ವಿವರಿಸಿ, ಶಾಲಿಗೆ 'ಪೈ' ಎಂಬ ಗಣಿತದ ಹೆಸರನ್ನೇ ಇಟ್ಟರು.

ಮೊದಲು 9 ಕುಣಿಕೆಗಳು. ಒಂದು ಸುತ್ತು ಹೆಣೆದು ಅವನ್ನು 18 ಮಾಡಬೇಕು. ಮೂರು ಸುತ್ತುಗಳಾದ ಮೇಲೆ 36. ಆರು ಸುತ್ತುಗಳಾದ ಮೇಲೆ 72. ಹನ್ನೆರಡಾದ ಮೇಲೆ 144. 24 ಆದ ಮೇಲೆ 288. 48 ಆದ ಮೇಲೆ 576. ಹೆಚ್ಚಿಸುವ ಸುತ್ತಿನಲ್ಲಿ ಪ್ರತಿ ಕುಣಿಕೆಗೂ ಒಮ್ಮೆ ನೂಲನ್ನು ಕಡ್ಡಿಯ ಮೇಲೆ ಹಾಯಿಸುವುದು, ಅಷ್ಟೆ. ನಡುವಣ ಸುತ್ತುಗಳಲ್ಲಿ ಹೆಚ್ಚಿಸುವ ಗೊಡವೆಯಿಲ್ಲ; ಅಲ್ಲಿ ಮನಸ್ಸಿಗೆ ಬಂದ ಹೂಬಳ್ಳಿಯನ್ನು ಮೂಡಿಸಬಹುದು. ಇಮ್ಮಡಿಯಾದ ಕೂಡಲೇ ಕುಣಿಕೆಗಳು ತುಸು ಹೆಚ್ಚಾಗಿಯೂ ಮುಂದಿನ ಇಮ್ಮಡಿಗೆ ಮೊದಲು ತುಸು ಕಡಮೆಯಾಗಿಯೂ ಇರುವುದು ನಿಜ. ಆದರೆ ಉಣ್ಣೆಯು ಹಿಗ್ಗುವ ಗುಣವುಳ್ಳದ್ದು. ಮುಗಿದ ಶಾಲನ್ನು ನೀರಿನಲ್ಲಿ ನೆನೆಸಿ, ಅಂಚನ್ನು ಸುತ್ತಲೂ ಎಳೆದು ಗುಂಡುಸೂಜಿಗಳಿಂದ ನಿಲ್ಲಿಸಿ ಒಣಗಿಸಿದರೆ ಅದು ಸಮತಲವಾಗುತ್ತದೆ. ಬೆಳಕಿಗೆ ಹಿಡಿದಾಗ ರಂಧ್ರಗಳ ಆರು ಉಂಗುರಗಳು ಒಂದರ ಹೊರಗೊಂದು ಕಾಣಿಸುತ್ತವೆ: ಒಳಗಿನದರಲ್ಲಿ 9 ರಂಧ್ರಗಳು, ಹೊರಗಿನದರಲ್ಲಿ 288.