ಬುಗುರಿ ತಿರುಗದೆ ನಿಂತರೆ

ಚನ್ನಪಟ್ಟಣದ ಲೇತ್‌ನಲ್ಲಿ ಹಾಲೆ ಮರದ ತುಂಡು ಗರಗರ ತಿರುಗುತ್ತದೆ. ಉಳಿ ತಾಗಿದಂತೆಲ್ಲ ಸಿಪ್ಪೆ ಹಾರಿ ಬುಗುರಿಯ ಹೊಟ್ಟೆ, ಕುತ್ತಿಗೆ, ಮೊನೆ ಮೂಡುತ್ತವೆ. ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಹೀಗೆ ಹುಟ್ಟಿದ ಬುಗುರಿ ತಿರುಗುವಷ್ಟು ಹೊತ್ತು ನಿಲ್ಲುತ್ತದೆ, ಆಮೇಲೆ ವಾಲಿ ಬೀಳುತ್ತದೆ. ತಿರುಗದೆಯೇ ಬೆಳಿಗ್ಗೆಯಿಂದ ಸಂಜೆವರೆಗೆ ಮೊನೆಯ ಮೇಲೆ ನಿಂತಿದ್ದರೆ? ಆರು ವರ್ಷದ ಮಗು ಕೂಡ ಅದನ್ನು ಎತ್ತಿ, ಕೆಳಗೆ ಏನು ಅಂಟಿಸಿದ್ದಾರೆ ಎಂದು ನೋಡದೆ ಬಿಡದು.

ಕಣಭೌತಶಾಸ್ತ್ರದವರು ಸುಮಾರು ಐವತ್ತು ವರ್ಷಗಳಿಂದ ಅಂಥದೊಂದು ಬುಗುರಿಯನ್ನು ತಿರುವಿ ತಿರುವಿ ನೋಡುತ್ತಿದ್ದಾರೆ. ಅದರ ಹೆಸರು ಹಿಗ್ಸ್ ಕಣ. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ ಅದು ಸಿಕ್ಕಿತೆಂದು ಸಾರಿತು. ತೂಕ, ಪ್ರೋಟಾನಿನ ಸುಮಾರು 133 ಪಟ್ಟು. ತಕರಾರು ಇರುವುದು ಈ ಅಂಕಿಯ ಬಗ್ಗೆಯೇ. ಕ್ವಾಂಟಮ್ ಲೆಕ್ಕದಲ್ಲಿ ಹಿಗ್ಸ್‌ನ ತೂಕ ಅದರ ಸ್ವಂತ ಆಸ್ತಿಯಲ್ಲ. ಅದು ಒಡನಾಡುವ ಪ್ರತಿಯೊಂದು ಕಣವೂ ಅದಕ್ಕೆ ಒಂದಿಷ್ಟು ಕೂಡಿಸುತ್ತದೆ ಅಥವಾ ಕಳೆಯುತ್ತದೆ. ಕಣ ಭಾರವಾದಷ್ಟೂ ಎಳೆತ ಜೋರು. ಗುರುತ್ವಾಕರ್ಷಣೆ ಕ್ವಾಂಟಮ್ ರೂಪ ತಾಳುವ ಮಟ್ಟ ಪ್ರೋಟಾನಿನ ತೂಕದ 1ರ ಮುಂದೆ 19 ಸೊನ್ನೆಯಷ್ಟು ಪಟ್ಟು ಮೇಲಿದೆ. ಅಲ್ಲಿ ಭಾರದ ಕಣಗಳಿದ್ದರೆ ಹಿಗ್ಸ್ ಕೂಡ ಅಲ್ಲಿಗೇ ಏರಬೇಕಿತ್ತು. ಏರದೆ ಕೆಳಗೇ ನಿಂತಿದೆ ಎಂದರೆ ಕೂಡಿಸಿದ್ದೂ ಕಳೆದದ್ದೂ ತಾಳೆಯಾಗಿರಬೇಕು.

ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಮಾರಿ ಬಂದ ರೈತ ರಾತ್ರಿ ಲೆಕ್ಕ ಬರೆಯುತ್ತಾನೆ ಎನ್ನಿ. ಚಾಕಿ ಹುಳು, ಹಿಪ್ಪುನೇರಳೆ ಸೊಪ್ಪು, ಕೂಲಿ ಎಲ್ಲ ಒಂದು ಕಡೆ, ಗೂಡಿನ ದುಡ್ಡು ಇನ್ನೊಂದು ಕಡೆ. ಎರಡೂ ಹೆಚ್ಚುಕಡಿಮೆ ಸಮವಾದರೆ ‘ಈ ಸಲ ಕೈಗೇನೂ ಹತ್ತಲಿಲ್ಲ’ ಎಂದು ಸುಮ್ಮನಾಗುತ್ತಾನೆ. ಆದರೆ ಎರಡೂ ಕಡೆ ಮೂವತ್ತೆಂಟು ಅಂಕಿಯ ಮೊತ್ತವಿದ್ದು, ಮೊದಲ ಮೂವತ್ತಕ್ಕೂ ಹೆಚ್ಚು ಅಂಕಿಗಳು ತಾಳೆಯಾಗಿ, ಉಳಿಕೆ ಕೆಲವೇ ಸಾವಿರ ರೂಪಾಯಿ ಎಂದರೆ ಲೆಕ್ಕ ಬರೆದವನ ಮೇಲೇ ಅನುಮಾನ ಬರುತ್ತದೆ. ಹಿಗ್ಸ್‌ನ ಖಾತೆ ಇರುವುದು ಹೀಗೆ. ಲೆಕ್ಕದಲ್ಲಿ ತಪ್ಪಿಲ್ಲ, ತಾಳೆಯಾದ ರೀತಿ ಮಾತ್ರ ನಂಬುವಂತಿಲ್ಲ.

ಇಂಥ ಅನುಮಾನ ಹಿಂದೆ ಫಲ ಕೊಟ್ಟಿದ್ದೂ ಇದೆ. ಕೇಯಾನ್ ಎಂಬ ಕಣಗಳ ಎರಡು ರೂಪಗಳ ತೂಕದ ವ್ಯತ್ಯಾಸ ಅಂದಿನ ಸಿದ್ಧಾಂತಕ್ಕೆ ಹೊಂದದಷ್ಟು ಚಿಕ್ಕದಿತ್ತು. ಯಾರೋ ಕಾಣದವರು ಎಳೆತವನ್ನು ರದ್ದು ಮಾಡುತ್ತಿರಬೇಕು, ಅದು ಚಾರ್ಮ್ ಕ್ವಾರ್ಕ್ ಎಂಬ ಊಹೆ ಆಗಲೇ ಇತ್ತು. ಅದರ ತೂಕ ಪ್ರೋಟಾನಿನ ಸುಮಾರು ಒಂದೂವರೆ ಪಟ್ಟು ಎಂದು ಮೇರಿ ಗೈಯಾರ್ ಮತ್ತು ಬೆಂಜಮಿನ್ ಲೀ 1974ರಲ್ಲಿ ಅಂದಾಜು ಹಾಕಿದರು. ಅದೇ ನವೆಂಬರಿನಲ್ಲಿ ಚಾರ್ಮ್ ಕ್ವಾರ್ಕ್ ಸಿಕ್ಕಿತು. ಬುಗುರಿಯ ಕೆಳಗೆ ನಿಜಕ್ಕೂ ಅಂಟು ಇತ್ತು!

ಹಿಗ್ಸ್‌ಗೆ ಸೂಚಿಸಿದ ಅಂಟಿನ ಹೆಸರು ಸೂಪರ್‌ಸಿಮೆಟ್ರಿ. ಪ್ರತಿ ಕಣಕ್ಕೂ ಒಂದು ಜೊತೆ. ಒಂದು ಕೂಡಿಸಿದ್ದನ್ನು ಇನ್ನೊಂದು ಕಳೆಯುತ್ತದೆ. ಈ ಜೊತೆಗಳು ಯಂತ್ರಗಳಲ್ಲಿ ಹೇಗೆ ಕಾಣಿಸಿಕೊಳ್ಳಬಹುದೆಂದು ಲೆಕ್ಕ ಹಾಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡಬೋಲೆ ಪ್ರಮುಖರು. ಮಾನುಯೆಲ್ ಡ್ರೇಸ್, ಪ್ರೊಬೀರ್ ರಾಯ್ ಜೊತೆ ಅವರು 2004ರಲ್ಲಿ ಹೊರತಂದ ಪುಸ್ತಕದ ವಿಷಯವೂ ಇದೇ. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅಷ್ಟರೊಳಗೆ ಸರ್ನ್‌ನ ಯಂತ್ರ ಪ್ರೋಟಾನಿನ ಎರಡು ಸಾವಿರ ಪಟ್ಟು ತೂಕದವರೆಗೆ ಕೆಲವು ಜೊತೆಗಳನ್ನು ಹುಡುಕಿ ಬರಿಗೈಯಲ್ಲಿ ಮರಳಿತ್ತು. ಚೆಲುವಾದ ಲೆಕ್ಕಕ್ಕೆ ಪ್ರಕೃತಿ ಸಹಿ ಹಾಕಲೇಬೇಕೆಂದೇನೂ ಇಲ್ಲ. ಇದು ಒಗಟೇ ಅಲ್ಲ, ನಮ್ಮ ಅಭಿರುಚಿಯ ಗೊಣಗಾಟ ಎನ್ನುವವರೂ ಇದ್ದಾರೆ. ಆದರೆ ಚಾರ್ಮ್‌ನ ಕಥೆ ಗೊತ್ತಿದ್ದವರಿಗೆ ಆ ಮಾತು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ.

ಒಗಟಿನ ಇನ್ನೊಂದು ತುದಿ ಕರ್ನಾಟಕದ ನೆಲದಡಿಯಲ್ಲೇ ಇತ್ತು. ಗುರುತ್ವಾಕರ್ಷಣೆ ಬಿಟ್ಟು ಉಳಿದ ಮೂಲಬಲಗಳೆಲ್ಲ ಒಂದೇ ಎನ್ನುವ ಮಹಾ ಏಕೀಕರಣ ಸಿದ್ಧಾಂತಗಳು ಹಿಗ್ಸ್ ಅನ್ನು ಮೇಲಕ್ಕೆಳೆಯುವ ಭಾರೀ ಕಣಗಳನ್ನು ಬಯಸುತ್ತವೆ. ಆ ಕಣಗಳಿದ್ದರೆ ಪ್ರೋಟಾನ್ ಎಂದಾದರೂ ಒಡೆಯಬೇಕು. ಅದನ್ನು ಹಿಡಿಯಲು 1980ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, 2,300 ಮೀಟರ್ ಆಳದಲ್ಲಿ, 140 ಟನ್ ತೂಕದ ಕಬ್ಬಿಣದ ಪದರಗಳ ಉಪಕರಣ ಹೂಡಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು ಕಾದು ಕುಳಿತರು. ಒಡೆದಿರಬಹುದು ಎನಿಸಿದ ಕೆಲವು ಗುರುತುಗಳು ಸಿಕ್ಕವು. ಬೇರೆ ಪ್ರಯೋಗಗಳು ಅವನ್ನು ಎತ್ತಿ ಹಿಡಿಯಲಿಲ್ಲ.

ಪ್ರೋಟಾನಿನ ಗಟ್ಟಿತನದ ಅಂದಾಜು ಬೇಕಿದ್ದರೆ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಕಿಲೋ ಕಲ್ಲನ್ನು ಕೈಗೆತ್ತಿಕೊಳ್ಳಬಹುದು. ರಾಮನಗರದ ಹಳೆಯ ಹೆಸರಿನಿಂದ ಇದಕ್ಕೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಆ ಒಂದು ಕಿಲೋದಲ್ಲಿರುವ ಪ್ರೋಟಾನ್‌ಗಳು ಸುಮಾರು 3ರ ಮುಂದೆ 26 ಸೊನ್ನೆ. ಜಪಾನಿನ ಸೂಪರ್-ಕಾಮಿಯೋಕಾಂಡೆ ಎಂಬ ನೀರಿನ ತೊಟ್ಟಿಯಲ್ಲಿನ ಪ್ರಯೋಗದ ಅಳತೆಯನ್ನು ಇಟ್ಟುಕೊಂಡು ಹೇಳುವುದಾದರೆ, ಏಕೀಕರಣ ಸಿದ್ಧಾಂತ ಮುಖ್ಯವಾಗಿ ಸೂಚಿಸಿದ ಬಗೆಯಲ್ಲಿ ಕಲ್ಲು ಹುಟ್ಟಿದಂದಿನಿಂದ ಇವತ್ತಿನವರೆಗೆ ನೂರು ಪ್ರೋಟಾನ್ ಕೂಡ ಒಡೆದಿರಲಾರವು. ಹಾಗೆ ಒಡೆಯುವ ಒಂದು ಪ್ರೋಟಾನನ್ನಾದರೂ ಹಿಡಿಯಲೆಂದು ಜಪಾನಿನಲ್ಲಿ ಈಗ ಬೆಟ್ಟದೊಳಗೆ ಹೊಸ ತೊಟ್ಟಿ ಏಳುತ್ತಿದೆ. ಅದು ತುಂಬಲು ಸುಮಾರು 2.6 ಲಕ್ಷ ಟನ್ ನೀರು ಬೇಕು.