ಕಿರುರಂಧ್ರ ಶಸ್ತ್ರಚಿಕಿತ್ಸೆಯೂ ತೊಳೆಯುವ ನೀರೂ

1867ರಲ್ಲಿ ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದ ಪ್ರಯೋಗಫಲಗಳನ್ನು ಪ್ರಕಟಿಸಿದಂದಿನಿಂದ ಶಸ್ತ್ರವೈದ್ಯದ ಚರಿತ್ರೆಯು ಬಹುಮಟ್ಟಿಗೆ ನಂಜಿನೊಡನೆ ನಡೆದ ಹೋರಾಟದ ಚರಿತ್ರೆಯಾಗಿದೆ. ಉದರವನ್ನು ಅಗಲವಾಗಿ ಸೀಳದೆ, ಒಂದು ಸೆಂಟಿಮೀಟರಿನಷ್ಟು ಕಿರಿದಾದ ಮೂರು ನಾಲ್ಕು ರಂಧ್ರಗಳ ಮೂಲಕ ಉಪಕರಣಗಳನ್ನು ಇಳಿಸಿ ಪಿತ್ತಕೋಶವನ್ನು ತೆಗೆಯುವ ಲ್ಯಾಪರೋಸ್ಕೋಪಿಕ್ ವಿಧಾನವನ್ನು ಭಾರತದಲ್ಲಿ ಮೊದಲು ನಡೆಸಿದವರು ಮುಂಬಯಿಯ ಜೆ. ಜೆ. ಆಸ್ಪತ್ರೆಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು, ವರ್ಷ 1990. ಗಾಯ ಕಿರಿದಾದಂತೆ ನಂಜಿನ ಸಂಭವವೂ ಕಡಮೆಯಾಯಿತೆಂಬುದು ನಿಜ. ಆದರೆ ಈ ವಿಧಾನದ ಬೆನ್ನಹಿಂದೆಯೇ ವಿಲಕ್ಷಣವಾದ ಬೇರೊಂದು ನಂಜು ಕಾಣಿಸಿಕೊಂಡಿತು.

2006ರಲ್ಲಿ ಬೆಂಗಳೂರಿನ ವೈದ್ಯರು ಇಂತಹದೊಂದು ಪ್ರಕರಣವನ್ನು ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವರದಿಮಾಡಿದರು. ಒಂದು ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪಡೆದ ಹಲವರ ರಂಧ್ರಗಾಯಗಳಲ್ಲಿ ಕ್ಷಯಾಣುವಿನ ದೂರದ ಬಂಧುವಾದ ಮೈಕೊಬ್ಯಾಕ್ಟೀರಿಯಾ ನೆಲೆಸಿದ್ದವು. ಮೂಲವನ್ನು ಅರಸುತ್ತ ಹೋದವರಿಗೆ ಅದು ದೊರೆತದ್ದು ಉಪಕರಣಗಳನ್ನು ತೊಳೆಯುವ ನೀರಿನಲ್ಲಿ. ಸಾಕ್ಷ್ಯಗಳನ್ನು ಒಂದೊಂದಾಗಿ ಜೋಡಿಸಿ ಕಾರಣವನ್ನು ತಲಪುವ ಈ ಕ್ರಮ ಚರಿತ್ರೆಯ ವಿದ್ಯಾರ್ಥಿಗೆ ಅಪರಿಚಿತವಲ್ಲ.

ಕಾರಣ ಸರಳವಾದುದು. ಈ ಉಪಕರಣಗಳು ನೀಳವಾದ ಟೊಳ್ಳು ನಳಿಕೆಗಳು. ಸಂದುಗಳಲ್ಲಿ ರಕ್ತದ ಕಣಗಳು ಉಳಿಯುತ್ತವೆ. ಕೆಲವು ಭಾಗಗಳು ಆವಿಯ ತಾಪವನ್ನು ತಾಳಲಾರವು. ಆದುದರಿಂದ ಅವನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಅದ್ದಿಡುವ ರೂಢಿ ಬಂದಿತು. ಇಪ್ಪತ್ತು ನಿಮಿಷಗಳ ಅದ್ದುವಿಕೆ ಸಾಮಾನ್ಯ ರೋಗಾಣುಗಳನ್ನು ಕೊಲ್ಲುವುದಾದರೂ ಪೂರ್ಣ ನಿರ್ಜೀವೀಕರಣಕ್ಕೆ ಹಲವು ಗಂಟೆಗಳೇ ಬೇಕು. ಅನಂತರ ದ್ರಾವಣವನ್ನು ಕಳೆಯಲು ನಲ್ಲಿಯ ನೀರನ್ನು ಬಳಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಈ ಜೀವಿಗಳ ಸಹಜ ನೆಲೆಯೇ ನೀರು. ಉಪಕರಣವನ್ನು ಬಿಚ್ಚಿ ಉಜ್ಜಿ ತೊಳೆಯುವುದು, ತಾಳುವ ಭಾಗಗಳನ್ನು ಆವಿಯಲ್ಲಿಯೂ ತಾಳದವನ್ನು ಎಥಿಲೀನ್ ಆಕ್ಸೈಡ್ ಅನಿಲದಲ್ಲಿಯೂ ಶುದ್ಧಿಗೊಳಿಸುವುದು, ಕಡೆಯ ತೊಳೆತಕ್ಕೆ ನಿರ್ಜೀವೀಕರಿಸಿದ ನೀರನ್ನೇ ಬಳಸುವುದು: ನಿವಾರಣೆಯ ಮುಖ್ಯಾಂಶಗಳು ಇವೇ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ದುಡಿಮೆಗಾರರಿಗೆ ಈ ವಿಷಯ ಹೆಚ್ಚು ಸಂಬಂಧಿಸಿದುದು. ಬೇಗ ಕೆಲಸಕ್ಕೆ ಮರಳಬಹುದೆಂಬುದೇ ಈ ಚಿಕಿತ್ಸೆಯ ಆಕರ್ಷಣೆಯಷ್ಟೆ. ಸಾಮಾನ್ಯ ನಂಜು ಮೊದಲ ವಾರದಲ್ಲಿಯೇ ಕೆಂಪು, ನೋವು, ಕೀವುಗಳಿಂದ ತನ್ನನ್ನು ಸಾರಿಕೊಳ್ಳುತ್ತದೆ. ಕೀವನ್ನು ತೆಗೆದು ತಕ್ಕ ಔಷಧ ಕೊಟ್ಟರೆ ಅಡಗುತ್ತದೆ. ಇದಾದರೋ ಗಾಯ ಮಾಯ್ದು, ಹೊಲಿಗೆ ಬಿಚ್ಚಿ, ಮೂರು ನಾಲ್ಕು ವಾರ ಕಳೆದ ಮೇಲೆ ಗಂಟಾಗಿ ತಲೆಯೆತ್ತಿ ತೆಳುವಾದ ರಸವನ್ನು ಒಸರುತ್ತದೆ. ಅಷ್ಟರಲ್ಲಿ ರೋಗಿ ಪಾಳಿಗೆ ಮರಳಿರುತ್ತಾನೆ, ಇಲ್ಲವೆ ಊರಿಗೆ ಹೋಗಿರುತ್ತಾನೆ. ಹತ್ತಿರದ ದವಾಖಾನೆಯಲ್ಲಿ ದೊರೆಯುವ ಸಾಮಾನ್ಯ ಪ್ರತಿಜೈವಿಕಗಳು ಇದಕ್ಕೆ ನಾಟುವುದಿಲ್ಲ. ಸಾಧಾರಣ ಕೀವುಪರೀಕ್ಷೆಯಲ್ಲಿ ಏನೂ ಬೆಳೆಯದಿರಬಹುದು. ಮೈಕೊಬ್ಯಾಕ್ಟೀರಿಯಾಕ್ಕಾಗಿಯೇ ಪರೀಕ್ಷಿಸಬೇಕೆಂದು ವೈದ್ಯರು ಪ್ರಯೋಗಾಲಯಕ್ಕೆ ಬರೆದು ತಿಳಿಸಬೇಕಾಗುತ್ತದೆ. ಕ್ಲಾರಿಥ್ರೊಮೈಸಿನ್, ಅಮಿಕಾಸಿನ್ ಮೊದಲಾದವನ್ನು ಪರೀಕ್ಷಾಫಲಕ್ಕೆ ಅನುಗುಣವಾಗಿ ಕೆಲವು ತಿಂಗಳು ಕೊಡಬೇಕು. ಗಂಟನ್ನು ಕತ್ತರಿಸಿ ತೆಗೆಯಬೇಕಾಗುವುದೂ ಉಂಟು.

ರೋಗಿಗಳು ಹೀಗೆ ಚದುರಿಹೋಗುವುದರಿಂದ ಹತ್ತು ಗಾಯಗಳ ಹಿಂದೆ ಒಂದೇ ತೊಟ್ಟಿಯ ನೀರಿದೆಯೆಂಬುದು ಆಸ್ಪತ್ರೆಗೆ ತಿಳಿಯದೆ ಹೋಗಬಹುದು. ಯಾವ ದಿನ ಯಾವ ಉಪಕರಣವನ್ನು ಯಾರಿಗೆ ಬಳಸಲಾಯಿತೆಂಬ ದಫ್ತರವನ್ನು ಇಡುವುದೂ, ಗಂಟು ಕಂಡರೆ ಎರಡು ತಿಂಗಳ ಮೇಲಾದರೂ ಮರಳಿ ಬರಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡುವುದೂ ಹೆಚ್ಚು ವೆಚ್ಚದ ಕೆಲಸಗಳಲ್ಲ.