ಹಳೆಯ ಜಾಗ್ವಾರ್ ಕೊಳ್ಳುವ ಮುನ್ನ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತು ಹಳೆಯ ಕಾರುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರನ್ನೇ ನೋಡೋಣ. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು 1974ರವರೆಗೆ ತಯಾರಾದ ಇದರ ಚೆಲುವು ಇಂದಿಗೂ ಮಾಸಿಲ್ಲ. ಆ ಚೆಲುವಿಗೆ ಮನಸೋತು ಕೊಂಡವನು ಅನಂತರ ದುರಸ್ತಿಗಾಗಿ ಇನ್ನೊಂದು ಬೆಲೆ ತೆರಬೇಕಾದೀತು.

ಈ ಕಾರಿನಲ್ಲಿ ಉಕ್ಕಿನ ತಗಡಿನ ಒಡಲೇ ಭಾರ ಹೊರುತ್ತದೆ. ಬಾಗಿಲಿನಡಿಯ ಪಟ್ಟಿಯೂ ನೆಲದ ತಗಡೂ ತುಕ್ಕು ಹಿಡಿದರೆ ಬೆನ್ನೆಲುಬೇ ಮುರಿದಂತೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅಲ್ಲಲ್ಲಿ ಹಿಡಿದು ನೋಡಬೇಕು. ಅಂಟದ ಕಡೆ ಬಣ್ಣದಡಿ ಪುಟ್ಟಿ ತುಂಬಿರುವ ಶಂಕೆಯುಂಟು. ಎಂಜಿನನ್ನು ಹೊತ್ತ ಕೊಳವೆಗಳ ಚೌಕಟ್ಟನ್ನು ತುಕ್ಕು ಒಳಗಿನಿಂದ ತಿನ್ನುತ್ತದೆ. ಅಲ್ಲಿ ಬಿರುಕುಗಳನ್ನೂ ಹೊಸ ಬೆಸುಗೆಯ ಗುರುತುಗಳನ್ನೂ ಅರಸಬೇಕು.

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮಾರುವವನು ಮೊದಲೇ ಬಿಸಿಮಾಡಿಟ್ಟಿದ್ದರೆ ಕೆಲವು ದೋಷಗಳು ಮರೆಯಾಗುತ್ತವೆ. ನೀಲಿ ಹೊಗೆ ಎಣ್ಣೆ ಉರಿಯುವುದರ ಲಕ್ಷಣ. ಹಿಂದಿನ ಬ್ರೇಕುಗಳಿರುವುದು ಚಕ್ರದಲ್ಲಲ್ಲ, ಡಿಫರೆನ್ಷಿಯಲ್ಲಿನ ಪಕ್ಕದಲ್ಲಿ. ಅದರ ಎಣ್ಣೆ ಸೋರಿ ಬ್ರೇಕು ನೆನೆದರೆ ಪ್ರಾಣಕ್ಕೇ ಸಂಚಕಾರ.

ಇನ್ನು ಕಾಗದಪತ್ರಗಳ ಮಾತು. ಚಾಸಿಸ್, ಎಂಜಿನ್, ಗೇರ್‌ಬಾಕ್ಸುಗಳ ಸಂಖ್ಯೆಗಳನ್ನು ಕಾರಿನ ಫಲಕದೊಡನೆಯೂ ದಾಖಲೆಗಳೊಡನೆಯೂ ಹೋಲಿಸಬೇಕು. ಸಂಖ್ಯೆ ಹೊಂದದಿದ್ದರೆ ಬೆಲೆಯೂ ಇಳಿಯುತ್ತದೆ, ಒಡೆತನದ ಮೇಲೂ ಸಂದೇಹ ಹುಟ್ಟುತ್ತದೆ.

ಜಾಗ್ವಾರ್ ನಮ್ಮ ವಾಚಕರಲ್ಲಿ ಹಲವರ ಕೈಗೆ ಎಟುಕದಿರಬಹುದು. ಆದರೆ ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯ ಸ್ಕೂಟರು ಕೊಳ್ಳುವವರಿಗೂ ನಿಯಮ ಇದೇ. ಒಡಲನ್ನೂ ಕಾಗದವನ್ನೂ ಮೊದಲು, ಬಣ್ಣವನ್ನು ಕೊನೆಗೆ ನೋಡಬೇಕು. ಬಲ್ಲ ಮೆಕ್ಯಾನಿಕನಿಗೆ ಕೊಟ್ಟ ನಾಲ್ಕು ಕಾಸು ಎಂದೂ ನಷ್ಟವಲ್ಲವೆಂದು ನಾವು ನಂಬಿದ್ದೇವೆ.